ಹೃದಯ ದುರ್ಬಲವಾಗಿದ್ದರೆ ಶ್ವಾಸಕೋಶ, ಮೂತ್ರಪಿಂಡ, ರಕ್ತ ಎಲ್ಲವನ್ನೂ ಪರೀಕ್ಷಿಸುವುದೇಕೆ?

ಪ್ರಶ್ನೆ

ನಮ್ಮ ತಂದೆಯವರಿಗೆ 71 ವರ್ಷ. ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆ ಎಂದು ಒಂದು ತಿಂಗಳಿಂದ ಒಂದರ ಮೇಲೊಂದು ಮೂರು ದಿಂಬುಗಳನ್ನು ಇಟ್ಟುಕೊಂಡು ಮಲಗುತ್ತಿದ್ದಾರೆ. ಸಂಜೆಯ ಹೊತ್ತಿಗೆ ಎರಡೂ ಕಾಲುಗಳು ಊದಿಕೊಳ್ಳುತ್ತವೆ. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ತೆಗೆದರೆ ಬಿದ್ದ ಗುಳಿ ಬಹಳ ಹೊತ್ತು ಹಾಗೆಯೇ ಉಳಿಯುತ್ತದೆ. ಎದೆನೋವು ಒಂದು ದಿನವೂ ಬಂದಿಲ್ಲ. ಎಕೋ (ಹೃದಯದ ಸ್ಕ್ಯಾನ್) ಮಾಡಿದ ವೈದ್ಯರು ಹೃದಯದ ಎಡ ಕೋಣೆ ದುರ್ಬಲವಾಗಿದೆ ಎಂದರು. ಅಷ್ಟು ಅರ್ಥವಾಯಿತು. ಆದರೆ ಚೀಟಿಯಲ್ಲಿ ಎದೆಯ ಎಕ್ಸ್‌ರೇ, ಕ್ರಿಯೇಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಹಿಮೋಗ್ಲೋಬಿನ್ ಎಂದು ಸಾಲಾಗಿ ಬರೆದುಕೊಟ್ಟಿದ್ದಾರೆ. ತೊಂದರೆ ಹೃದಯದ್ದಾದರೆ ಉಳಿದವನ್ನೆಲ್ಲ ಏಕೆ ನೋಡಬೇಕು? ವೈದ್ಯರ ಮೇಲೆ ನನಗೆ ಅನುಮಾನವಿಲ್ಲ; ಹೊರಗೆ ಅಷ್ಟು ಜನ ಕಾಯುತ್ತಿದ್ದಾಗ ನಿಧಾನವಾಗಿ ಕೇಳಲು ಆಗಲಿಲ್ಲ. ತಂದೆಯವರು ನನ್ನನ್ನು ಕೇಳುತ್ತಿದ್ದಾರೆ, ಅವರಿಗೆ ಸರಿಯಾದದ್ದನ್ನೇ ಹೇಳಬೇಕು.

ಉತ್ತರ 1 (ಶರೀರಕ್ರಿಯಾಶಾಸ್ತ್ರದ ಅಧ್ಯಾಪಕರು)

ನೀವು ಬರೆದಿರುವ ಮೂರು ದಿಂಬು ಮತ್ತು ಹೆಬ್ಬೆರಳಿನ ಗುಳಿ, ಇವೆರಡರಲ್ಲೇ ಉತ್ತರದ ಬಹುಪಾಲು ಅಡಗಿದೆ.

ಹೃದಯವನ್ನು ಒಂದು ಪಂಪು ಎಂದು ಹೇಳುವುದು ರೂಢಿ. ವಾಸ್ತವದಲ್ಲಿ ಅದು ನಡುಗೋಡೆಯನ್ನು ಹಂಚಿಕೊಂಡ ಎರಡು ಪಂಪು. ಬಲಭಾಗವು ದೇಹದಿಂದ ಮರಳಿದ ರಕ್ತವನ್ನು ಶ್ವಾಸಕೋಶಕ್ಕೆ ಕಳುಹಿಸುತ್ತದೆ. ಅಲ್ಲಿಂದ ಆಮ್ಲಜನಕ ಹೊತ್ತು ಬಂದ ರಕ್ತವನ್ನು ಎಡಭಾಗವು ಇಡೀ ದೇಹಕ್ಕೆ ತಳ್ಳುತ್ತದೆ. ವಿಶ್ರಾಂತಿಯಲ್ಲಿರುವಾಗ ಒಂದು ಮಿಡಿತಕ್ಕೆ ಸುಮಾರು 70 ಮಿಲಿಲೀಟರ್, ಅಂದರೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಎರಡೂ ಕಡೆ ದಾಟಬೇಕು. ಈ ಸರಿಸಮ ತಪ್ಪಿದರೆ ಏನಾಗುತ್ತದೆ ಎಂದು ಒಂದು ಲೆಕ್ಕ ಹಾಕಿ ನೋಡಿ. ಬಲಭಾಗವು ಪ್ರತಿ ಮಿಡಿತಕ್ಕೂ ಎಡಭಾಗಕ್ಕಿಂತ ಒಂದೇ ಒಂದು ಮಿಲಿಲೀಟರ್ ಹೆಚ್ಚು ಕಳುಹಿಸಿತು ಎನ್ನಿ. ನಿಮಿಷಕ್ಕೆ 70 ಮಿಡಿತದಂತೆ ಹತ್ತು ನಿಮಿಷದಲ್ಲಿ 700 ಮಿಲಿಲೀಟರ್ ರಕ್ತ ಶ್ವಾಸಕೋಶದಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿ ಸಾಮಾನ್ಯವಾಗಿ ಇರುವುದೇ ಸುಮಾರು ಅರ್ಧ ಲೀಟರ್. ಆರೋಗ್ಯವಂತ ಹೃದಯದಲ್ಲಿ ಹೀಗಾಗದಿರಲು ಕಾರಣ, ಕೋಣೆಗೆ ಹೆಚ್ಚು ರಕ್ತ ಬಂದು ಸ್ನಾಯು ಹಿಗ್ಗಿದಷ್ಟೂ ಅದು ಮುಂದಿನ ಬಾರಿ ಹೆಚ್ಚು ಬಿರುಸಾಗಿ ಕುಗ್ಗುತ್ತದೆ. ನನಗೆ ಇಡೀ ಶರೀರಶಾಸ್ತ್ರದಲ್ಲಿ ಅತ್ಯಂತ ಸುಂದರವಾಗಿ ಕಾಣುವ ವ್ಯವಸ್ಥೆ ಇದು. ಮೆದುಳಿನ ಅಪ್ಪಣೆಗೂ ಕಾಯದೆ ಸ್ನಾಯುವೇ ಇದನ್ನು ಮಾಡಿಕೊಳ್ಳುತ್ತದೆ.

ನಿಮ್ಮ ತಂದೆಯವರ ಎಡ ಕೋಣೆಗೆ ಈ ಶಕ್ತಿ ಕುಂದಿದೆ. ಆದ್ದರಿಂದ ರಕ್ತ ಹಿಂದಕ್ಕೆ ಒತ್ತುತ್ತದೆ, ಶ್ವಾಸಕೋಶದ ಲೋಮನಾಳಗಳಲ್ಲಿ, ಅಂದರೆ ಅತಿ ಸಣ್ಣ ರಕ್ತನಾಳಗಳಲ್ಲಿ, ಒತ್ತಡ ಏರುತ್ತದೆ. ಆ ನಾಳಗಳಿಗೂ ಗಾಳಿಗೂಡುಗಳಿಗೂ ನಡುವಿನ ಪೊರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳ್ಳಗಿದೆ. ಆಮ್ಲಜನಕ ಸುಲಭವಾಗಿ ದಾಟಲೆಂದು ಇರುವ ಈ ತೆಳುಪೊರೆಯ ಮೂಲಕವೇ ಒತ್ತಡ ಹೆಚ್ಚಾದಾಗ ನೀರು ಜಿನುಗುತ್ತದೆ. ಮಲಗಿದಾಗ ಕಾಲು ಮತ್ತು ಹೊಟ್ಟೆಯಲ್ಲಿ ನಿಂತಿದ್ದ ರಕ್ತವೂ ಎದೆಗೆ ಮರಳಿ ಒತ್ತಡ ಇನ್ನಷ್ಟು ಏರುತ್ತದೆ. ದಿಂಬುಗಳು ಅದನ್ನು ತಡೆಯುತ್ತಿವೆ. ಎಕ್ಸ್‌ರೇ ಬರೆದಿರುವುದು ಈ ನೀರನ್ನು ನೋಡಲು.

ಇನ್ನು ಮೂತ್ರಪಿಂಡ. ಎರಡೂ ಸೇರಿ 300 ಗ್ರಾಂ ಆಸುಪಾಸು ತೂಗುವ ಈ ಅಂಗಗಳಿಗೆ ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೆಯ ಒಂದು ಭಾಗ ಹೋಗುತ್ತದೆ. ಹೃದಯ ಹೇಗಿದೆ ಎಂದು ತಿಳಿಯಲು ಅವಕ್ಕೆ ದಾರಿಯಿಲ್ಲ. ತಮಗೆ ಬರುವ ರಕ್ತ ಕಡಿಮೆಯಾಗಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಗಾಯವಾಗಿ ರಕ್ತ ಸೋರಿ ಹೋದಾಗಲೂ ಅವಕ್ಕೆ ಕಾಣುವುದು ಇದೇ. ಆದ್ದರಿಂದ ಎರಡು ಸಂದರ್ಭಕ್ಕೂ ಒಂದೇ ರೀತಿಯಲ್ಲಿ ಸ್ಪಂದಿಸಿ ರೆನಿನ್ ಎಂಬ ಕಿಣ್ವವನ್ನು ಬಿಡುತ್ತವೆ. ಯಕೃತ್ತು ತಯಾರಿಸಿದ ಪ್ರೋಟೀನನ್ನು ರೆನಿನ್ ತುಂಡರಿಸುತ್ತದೆ, ಬಹುಮಟ್ಟಿಗೆ ಶ್ವಾಸಕೋಶದ ರಕ್ತನಾಳಗಳಲ್ಲಿರುವ ಇನ್ನೊಂದು ಕಿಣ್ವ ಆ ತುಂಡನ್ನು ಆಂಜಿಯೋಟೆನ್ಸಿನ್ ಎಂಬ ಹಾರ್ಮೋನಾಗಿ ಮಾರ್ಪಡಿಸುತ್ತದೆ, ಅದರಿಂದ ರಕ್ತನಾಳಗಳು ಬಿಗಿಯುತ್ತವೆ, ಮೂತ್ರಪಿಂಡದ ತಲೆಯ ಮೇಲಿರುವ ಅಡ್ರೀನಲ್ ಗ್ರಂಥಿ ಅಲ್ಡೋಸ್ಟೀರಾನ್ ಎಂಬ ಇನ್ನೊಂದು ಹಾರ್ಮೋನನ್ನು ಸುರಿಸುತ್ತದೆ, ಕೊನೆಗೆ ಉಪ್ಪೂ ನೀರೂ ಮೂತ್ರದಲ್ಲಿ ಹೋಗದೆ ದೇಹದಲ್ಲೇ ಉಳಿಯುತ್ತವೆ. ರಕ್ತ ಸೋರಿದವರಲ್ಲಿ ಇದು ಪ್ರಾಣ ಉಳಿಸುತ್ತದೆ. ನಿಮ್ಮ ತಂದೆಯವರಲ್ಲಿ ರಕ್ತದ ಕೊರತೆಯೇ ಇಲ್ಲ, ತಳ್ಳುವ ಬಲದ ಕೊರತೆ ಮಾತ್ರ ಇದೆ. ಹಾಗಾಗಿ ಉಳಿದ ನೀರು ದಣಿದ ಹೃದಯಕ್ಕೆ ಹೊರೆಯಾಗುತ್ತದೆ, ಹೆಚ್ಚಾದದ್ದು ಕಾಲಿಗೆ ಇಳಿಯುತ್ತದೆ. ನಿಮ್ಮ ಹೆಬ್ಬೆರಳು ಒತ್ತಿದ್ದು ಆ ನೀರನ್ನು.

ಉತ್ತರ 2 (ಹೃದ್ರೋಗ ವಾರ್ಡಿನಲ್ಲಿ ಶುಶ್ರೂಷಕಿಯಾಗಿದ್ದವರು)

ಮೇಲಿನ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ಈ ಸ್ಥಿತಿಯಲ್ಲಿ ಕೊಡುವ ಹಲವು ಔಷಧಗಳು ಕೆಲಸ ಮಾಡುವುದು ರೆನಿನ್‌ನಿಂದ ಶುರುವಾಗುವ ಇದೇ ಸರಪಳಿಯ ಮೇಲೆ, ಮೂತ್ರ ಹೆಚ್ಚಿಸುವ ಮಾತ್ರೆಯ ಕೆಲಸವಂತೂ ನೇರವಾಗಿ ಮೂತ್ರಪಿಂಡದಲ್ಲೇ. ಇವುಗಳಿಂದ ಪೊಟ್ಯಾಸಿಯಂ ಏರಲೂಬಹುದು, ಇಳಿಯಲೂಬಹುದು. ಎರಡೂ ಹೃದಯದ ಲಯವನ್ನು ಕೆಡಿಸುತ್ತವೆ. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯೇಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದರೆ ಬೇಸರ ಮಾಡಿಕೊಳ್ಳಬೇಡಿ.

ಪ್ರತಿದಿನ ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮುಂಚೆ ಅವರ ತೂಕ ನೋಡಿ ಬರೆದಿಡಿ. ಎರಡು ಮೂರು ದಿನಗಳಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಆಗ ವೈದ್ಯರಿಗೆ ತಿಳಿಸಿ. ಊತ ಇಳಿಯಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ರಾತ್ರಿ ಉಸಿರು ಸಿಗದೆ ಎದ್ದು ಕುಳಿತರೆ, ಕೆಮ್ಮಿನಲ್ಲಿ ನೊರೆ ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಸಾರೆ ಧನ್ಯವಾದ. ತಂದೆಯವರಿಗೆ ಓದಿ ಹೇಳಿದೆ. ಮೂತ್ರಪಿಂಡದ ವಿಷಯವನ್ನು ಎರಡು ಸಲ ಓದಿಸಿದರು. ಇನ್ನೊಂದು ಸಂದೇಹ ಉಳಿದಿದೆ. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ 95 ತೋರಿಸುತ್ತದೆ. ಆಮ್ಲಜನಕ ಸಾಕಷ್ಟಿದ್ದರೂ ಏದುಸಿರು ಏಕೆ? ಹಿಮೋಗ್ಲೋಬಿನ್ ನೋಡುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ 1ರ ಅಧ್ಯಾಪಕರು

ಉಸಿರಾಟವನ್ನು ನಡೆಸುವುದು ಆಮ್ಲಜನಕದ ಕೊರತೆಯೊಂದೇ ಅಲ್ಲ. ಸಾಮಾನ್ಯ ಸ್ಥಿತಿಯಲ್ಲಿ ಮೆದುಳಿನ ಕಾಂಡವು ಮುಖ್ಯವಾಗಿ ಗಮನಿಸುವುದು ಇಂಗಾಲದ ಡೈ ಆಕ್ಸೈಡ್ ಅನ್ನು. ಇದಲ್ಲದೆ ಲೋಮನಾಳಗಳ ಪಕ್ಕದಲ್ಲೇ ಇರುವ ನರತುದಿಗಳು ಶ್ವಾಸಕೋಶದಲ್ಲಿ ನೀರು ಜಿನುಗತೊಡಗಿದಾಗ ಸೂಚನೆ ಕಳುಹಿಸಿ ಉಸಿರನ್ನು ಚಿಕ್ಕದಾಗಿ, ಬೇಗಬೇಗನೆ ಆಗುವಂತೆ ಮಾಡುತ್ತವೆ; ಭಾರತೀಯ ವಿಜ್ಞಾನಿ ಎ. ಎಸ್. ಪೈಂಟಾಲ್ ಇವುಗಳನ್ನು ಗುರುತಿಸಿದರು. ನೀರು ತುಂಬಿದ ಶ್ವಾಸಕೋಶ ಪೆಡಸಾಗುವುದರಿಂದ ಅದನ್ನು ಹಿಗ್ಗಿಸಲು ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು) ಮತ್ತು ಪಕ್ಕೆಲುಬಿನ ಸ್ನಾಯುಗಳು ಹೆಚ್ಚು ದುಡಿಯಬೇಕಾಗುತ್ತದೆ. ಹೀಗೆ, ಅಂಕಿ 95 ಇದ್ದಾಗಲೂ ಆಯಾಸ ನಿಜವಾದದ್ದೇ.

ಹಿಮೋಗ್ಲೋಬಿನ್‌ಗೂ ಸಂಬಂಧವಿದೆ. ಆಕ್ಸಿಮೀಟರ್ ತೋರಿಸುವುದು ಇರುವ ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ತುಂಬಿದೆ ಎಂಬುದನ್ನು. ಹಿಮೋಗ್ಲೋಬಿನ್ ಎಷ್ಟಿದೆ ಎಂದು ಅದು ಹೇಳುವುದಿಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹಿಡಿಯುತ್ತದೆ. ಹಿಮೋಗ್ಲೋಬಿನ್ 15 ಗ್ರಾಂ ಇದ್ದವರ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 20 ಮಿಲಿಲೀಟರ್ ಆಮ್ಲಜನಕ ಹಿಡಿದರೆ, 8 ಗ್ರಾಂ ಇದ್ದವರಲ್ಲಿ 11 ಮಿಲಿಲೀಟರ್ ಕೂಡ ಹಿಡಿಯುವುದಿಲ್ಲ, ಆದರೆ ಇಬ್ಬರ ಬೆರಳಿನಲ್ಲೂ ಒಂದೇ ಅಂಕಿ ಕಾಣಬಹುದು. ಕೊರತೆಯನ್ನು ತುಂಬಲು ಹೃದಯ ಹೆಚ್ಚು ರಕ್ತ ಹರಿಸಬೇಕು, ದುರ್ಬಲ ಹೃದಯಕ್ಕೆ ಆಗದ ಕೆಲಸವೇ ಅದು. ಕೆಂಪು ರಕ್ತಕಣಗಳನ್ನು ತಯಾರಿಸಲು ಮೂಳೆಮಜ್ಜೆಗೆ ಸೂಚನೆ ಕೊಡುವ ಹಾರ್ಮೋನು ಬರುವುದೂ ಬಹುಪಾಲು ಮೂತ್ರಪಿಂಡದಿಂದಲೇ. ಹೃದಯ ದುರ್ಬಲವಾದವರಲ್ಲಿ ಕಬ್ಬಿಣದ ಕೊರತೆ ಸಾಮಾನ್ಯವಾದ್ದರಿಂದ, ವರದಿ ತೋರಿಸಲು ಹೋದಾಗ ದೇಹದಲ್ಲಿ ಕೂಡಿಟ್ಟ ಕಬ್ಬಿಣವನ್ನು ಅಂದಾಜಿಸುವ ಫೆರಿಟಿನ್ ಪರೀಕ್ಷೆಯೂ ಬೇಕೇ ಎಂದು ವೈದ್ಯರನ್ನು ಕೇಳಿ.