ಎಸಿ ಕೆಲಸ ಕಲಿಯೋಕೆ ಐಟಿಐ ಬೇಕಾ, ಮೂರು ತಿಂಗಳ ಕೋರ್ಸ್ ಸಾಕಾ? (ದಾವಣಗೆರೆ)

ಹಳೇಪೇಟೆ: ತಮ್ಮ ಎಸ್ಸೆಸ್ಸೆಲ್ಸಿ ಪಾಸು, ಎಸಿ-ಫ್ರಿಜ್ ಕೆಲಸ ಕಲೀತೀನಿ ಅಂತಿದಾನೆ. ದಾವಣಗೆರೆಯಲ್ಲಿ ಆಗ್ಲಿಲ್ಲ ಅಂದ್ರೆ ದಿನಾ ಚಿತ್ರದುರ್ಗಕ್ಕೆ ಹೋಗಿಬರೋಕೂ ರೆಡಿ. ಯಾವ ಕೋರ್ಸ್ ಸೇರಿಸ್ಲಿ? ಟೂಲ್ಸ್ ಯಾವುದು ಮೊದಲು?

ತಾಮ್ರದ ಪೈಪು: ಆಗೋದಾದ್ರೆ ಐಟಿಐ. ಟ್ರೇಡ್ ಹೆಸರು ರೆಫ್ರಿಜರೇಷನ್ ಅಂಡ್ ಏರ್ ಕಂಡೀಷನಿಂಗ್ ಟೆಕ್ನೀಷಿಯನ್, 2 ವರ್ಷ. ಎಲ್ಲಾ ಐಟಿಐನಲ್ಲೂ ಈ ಟ್ರೇಡ್ ಇರಲ್ಲ, ಅರ್ಜಿ ಹಾಕೋ ಮುಂಚೆ ಕೇಳ್ಕೊಳ್ಳಿ. ಮೂರು ತಿಂಗಳದ್ದಾದ್ರೆ ಫೀಸ್ ಕಟ್ಟೋ ಮೊದಲು ವರ್ಕ್‌ಶಾಪ್ ಒಳಗೆ ಹೋಗಿ ನೋಡಿ. ವ್ಯಾಕ್ಯೂಮ್ ಪಂಪು (ಪೈಪಿನೊಳಗಿನ ಗಾಳಿ, ತೇವ ಎಳೆಯೋದು), ನೈಟ್ರೋಜನ್ ಸಿಲಿಂಡರು, ಗ್ಯಾಸ್ ತೂಗೋ ಸ್ಕೇಲು ಇಲ್ಲದ ಕಡೆ ಫಿಲ್ಟರ್ ತೊಳೆಯೋದಷ್ಟೇ ಕಲಿಸ್ತಾರೆ.

ಮೊದಲು ಫ್ಲೇರ್ (ಪೈಪಿನ ಬಾಯನ್ನ ಕಹಳೆ ಥರ ಅಗಲಿಸೋದು) ಕೈಗೆ ಹತ್ತಬೇಕು. ಒಂದೂವರೆ ಟನ್ ಸ್ಪ್ಲಿಟ್‌ಗೆ ಸಾಮಾನ್ಯವಾಗಿ ಕಾಲಿಂಚು, ಅರ್ಧ ಇಂಚು ಪೈಪು. ಕತ್ತರಿಸಿದ ಮೇಲೆ ಪೈಪಿನ ಬಾಯಿ ಕೆಳಗೆ ಮಾಡಿ ರೀಮರ್ (ಅಂಚಿನ ಚೂಪು ಕೆರೆಯೋ ಟೂಲ್) ಆಡಿಸಬೇಕು, ಇಲ್ಲಾಂದ್ರೆ ತಾಮ್ರದ ಪುಡಿ ಒಳಗೆ ಬೀಳುತ್ತೆ. ಪೈಪಿಗೆ ನಟ್ ಹಾಕೋದು ಮೊದಲು, ಫ್ಲೇರ್ ಆಮೇಲೆ. ಇದನ್ನ ಉಲ್ಟಾ ಮಾಡಿ ಮತ್ತೆ ಕತ್ತರಿಸದ ಹೊಸಬನೇ ಇಲ್ಲ.

ಹಳೇಪೇಟೆ: ಒಂದು ಅಂಗಡಿಯವರು ವ್ಯಾಕ್ಯೂಮ್ ಪಂಪ್ ಯಾಕೆ, ಗ್ಯಾಸ್ ಸ್ವಲ್ಪ ಬಿಟ್ಟು ಗಾಳಿ ಓಡಿಸಿದ್ರೆ ಸಾಕು ಅಂದ್ರು?

ಗೇಜ್ ನೋಡಿ ಸ್ವಾಮಿ: ಆರ್-22 (ಹಳೇ ಎಸಿ ಗ್ಯಾಸ್) ಕಾಲದ ಚಾಳಿ ಅದು, ಆಗಲೂ ತಪ್ಪೇ. ಗಾಳಿ ಹೋದ್ರೂ ತೇವ ಪೈಪಲ್ಲೇ ಉಳಿಯುತ್ತೆ. ಈಗಿನ ಕಂಪ್ರೆಸರ್ ಆಯಿಲ್ ತೇವ ಹೀರ್ಕೊಂಡು ಆ್ಯಸಿಡ್ ಆಗುತ್ತೆ, ಕೊನೆಗೆ ಮೋಟಾರ್ ವೈಂಡಿಂಗ್ ಸುಡುತ್ತೆ. ಈಗಿನ ಎಸಿಗಳ ಆರ್-32 ಬೆಂಕಿ ಹತ್ತೋ ಗ್ಯಾಸು ಬೇರೆ. ನೈಟ್ರೋಜನ್ ತುಂಬಿ ಲೀಕ್ ನೋಡಿ, ಆಮೇಲೆ 500 ಮೈಕ್ರಾನ್‌ಗೆ (ವ್ಯಾಕ್ಯೂಮ್ ಅಳೆಯೋ ಲೆಕ್ಕ, ಕಮ್ಮಿ ಆದಷ್ಟೂ ಒಳಗೆ ಗಾಳಿ ಕಮ್ಮಿ) ಇಳಿಯೋವರೆಗೆ ವ್ಯಾಕ್ಯೂಮ್ ಹೊಡೀಬೇಕು. ಪಂಪ್ ಆಫ್ ಮಾಡಿದ ಮೇಲೆ ರೀಡಿಂಗ್ ನಿಲ್ಲದೆ ಏರ್ತಾನೇ ಇದ್ರೆ ಲೀಕು; ಸ್ವಲ್ಪ ಏರಿ ನಿಂತ್ರೆ ತೇವ. ನೈಟ್ರೋಜನ್ ಸಿಗಲಿಲ್ಲ ಅಂತ ಆಕ್ಸಿಜನ್ ಮಾತ್ರ ತುಂಬಬೇಡಿ, ಒಳಗಿನ ಆಯಿಲ್ ಜೊತೆ ಸೇರಿ ಸ್ಫೋಟ ಆಗುತ್ತೆ. ಗ್ಯಾಸನ್ನ ನೇಮ್‌ಪ್ಲೇಟ್ ನೋಡಿ ತೂಕದಲ್ಲಿ ಹಾಕಿ. ಆರ್-22ಕ್ಕೆ ಸಕ್ಷನ್ (ಕಂಪ್ರೆಸರ್‌ಗೆ ಗ್ಯಾಸ್ ವಾಪಸ್ ಬರೋ ಕಡೆಯ ಒತ್ತಡ) 60-70 ಪಿಎಸ್‌ಐ ಸರಿ, ಆರ್-32ರಲ್ಲಿ 120ರ ಆಸುಪಾಸು ಬರುತ್ತೆ. ಹಳೇ ಲೆಕ್ಕದವರು ಇಲ್ಲೇ ಎಡವೋದು.

ಫೇಸ್ ನ್ಯೂಟ್ರಲ್: ಗ್ಯಾಸ್ ಮಾತೇ ಆಯ್ತು. ಬೇಸಿಗೇಲಿ ಬರೋ ಕಂಪ್ಲೇಂಟಲ್ಲಿ ಕರೆಂಟಿಂದೂ ಬೇಕಾದಷ್ಟಿರುತ್ತೆ: ಕೆಪ್ಯಾಸಿಟರ್ (ಮೋಟಾರ್ ಸ್ಟಾರ್ಟ್ ಆಗೋಕೆ ಕರೆಂಟ್ ಹಿಡಿದಿಡೋ ಡಬ್ಬಿ) ಉಬ್ಬಿರೋದು, ಟರ್ಮಿನಲ್ ಸುಟ್ಟಿರೋದು. ಕಂಪ್ರೆಸರ್‌ನ ಮೂರು ಪಿನ್ (ಕಾಮನ್, ರನ್, ಸ್ಟಾರ್ಟ್) ಎರಡೆರಡಾಗಿ ಅಳೆದಾಗ 2, 5, 7 ಓಮ್ ಬಂತು ಅನ್ನಿ. 7 ಬಂದ ಎರಡು ಪಿನ್ ಬಿಟ್ಟು ಉಳಿದದ್ದು ಕಾಮನ್. ಅದರಿಂದ 2 ತೋರಿಸೋದು ರನ್, 5 ತೋರಿಸೋದು ಸ್ಟಾರ್ಟ್. ಇನ್ವರ್ಟರ್ ಎಸಿಗೆ ಈ ಲೆಕ್ಕ ನಡೆಯಲ್ಲ, ಅಲ್ಲಿ ಮೂರೂ ಒಂದೇ ಬರಬೇಕು. ಮುಟ್ಟೋ ಮುಂಚೆ ಮೇನ್ ಆಫ್, ಕೆಪ್ಯಾಸಿಟರ್ ಡಿಸ್ಚಾರ್ಜ್.

ಟೂಲ್ಸ್ ಕೇಳಿದ್ರಲ್ಲ, ಮಲ್ಟಿಮೀಟರ್ ಮತ್ತೆ ಫ್ಲೇರಿಂಗ್ ಸೆಟ್ ಮೊದಲು. ಗ್ಯಾಸ್ ಒತ್ತಡ ಅಳೆಯೋ ಗೇಜ್ ತಗೊಳ್ಳುವಾಗ ಆರ್-32 ಸ್ಕೇಲ್ ಇರೋದೇ ಕೇಳಿ.