ಪದ ಬೇಕು: ಅಂಡರ್-17 ವರ್ಲ್ಡ್ ಕಪ್, ಬ್ಯಾನರಿಗೆ ಕನ್ನಡದಲ್ಲಿ ಎಂತ ಹಾಕುವುದು?

ಕುಂಬಳೆಯಿಂದ:

ಬಳಗದ ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಉಂಟು. ಇಲ್ಲಿ ಕಾಸರಗೋಡು ಜಿಲ್ಲೆಯ ನಮ್ಮ ವಾಚನಾಲಯದಲ್ಲಿ ಶಾಲೆ ಮಕ್ಕಳಿಗೆ ಫುಟ್‌ಬಾಲ್ ಕ್ವಿಝ್ ಇಟ್ಟಿದ್ದೇವೆ, ಜೊತೆಗೆ ಗೋಡೆ ತುಂಬ ಚಿತ್ರಗಳು, ಎಲ್ಲ ಫಿಫಾದ ಅಂಡರ್-17 ವರ್ಲ್ಡ್ ಕಪ್ ಬಗ್ಗೆ. ಮಲಯಾಳದ ಬ್ಯಾನರ್ ಆಗಿ ಬಂದಿದೆ, ಅವರು ‘ಕೌಮಾರ ಲೋಕಕಪ್ಪ್’ ಅಂತ ಎರಡೇ ಶಬ್ದದಲ್ಲಿ ಮುಗಿಸಿದ್ದಾರೆ. ಕನ್ನಡದ್ದು ನನ್ನ ಪಾಲಿಗೆ ಬಂದಿದೆ, ನಾಳೆ ಬೆಳಿಗ್ಗೆ ಹತ್ತರೊಳಗೆ ಪ್ರೆಸ್ಸಿಗೆ ಕೊಡಬೇಕು. ಬರೆದು ನೋಡಿದ್ದು ಹೀಗೆ: ‘17 ವರ್ಷ ಕೆಳಗಿನ ಯುವಕರ ರಾಷ್ಟ್ರೀಯ ತಂಡಗಳ ಅಂತಾರಾಷ್ಟ್ರೀಯ ಕಾಲ್ಚೆಂಡು ಪಂದ್ಯಾವಳಿ’. ಇದನ್ನು ಒಂದೇ ಉಸಿರಲ್ಲಿ ಓದ್ಲಿಕ್ಕೆ ಆಗುವುದಿಲ್ಲ, ಬ್ಯಾನರಿನಲ್ಲಿ ಹಿಡಿಯುವುದೂ ಇಲ್ಲ. ದೊಡ್ಡ ಅಕ್ಷರದಲ್ಲಿ ಮೂರ್ನಾಲ್ಕು ಶಬ್ದ, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು, ಇಷ್ಟೇ ಜಾಗ. ಕ್ಲಬ್‌ಗಳದ್ದಲ್ಲ, ದೇಶಗಳ ತಂಡ ಆಡುವುದು ಅಂತ ಗೊತ್ತಾಗಬೇಕು, ಯಾಕೆಂದರೆ ನಮ್ಮ ಊರಲ್ಲಿ ಫುಟ್‌ಬಾಲ್ ಅಂದ ಕೂಡಲೇ ಮಕ್ಕಳಿಗೆ ಸೆವೆನ್ಸ್ (ಏಳೇಳು ಜನರ ಆಟ) ಮತ್ತೆ ಕ್ಲಬ್ಬೇ ತಲೆಗೆ ಬರುವುದು. ದಯವಿಟ್ಟು ಇವತ್ತು ರಾತ್ರಿಯೇ ಹೇಳಿ.

ಮೈಸೂರಿನಿಂದ:

‘ಪಂದ್ಯಾವಳಿ’ ಬೇಡ. ಪಂದ್ಯ ದೇಶ್ಯ, ಆವಳಿ ಸಂಸ್ಕೃತ, ನಡುವೆ ಸವರ್ಣದೀರ್ಘ. ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಬೇರೆ ಭಾಷೆಯ ಪದ ಕೂಡಿಸಿದ ಸಮಾಸ. ಹಳೆಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಬೇಡ ಅಂದು ಏಳೆಂಟು ಶತಮಾನ ಆಯಿತು, ಪತ್ರಿಕೆಗಳು ಬರೆಯುತ್ತವೆ ಅಂತ ಅದು ಸಾಧು ಆಗುವುದಿಲ್ಲ. ‘ಅಂತಾರಾಷ್ಟ್ರೀಯ’ ಕೂಡ ಬೇಡ. ಅಂತರ್ ಅಂದರೆ ಒಳಗೆ, ಹಾಗಾಗಿ ಅದರ ಅರ್ಥ ರಾಷ್ಟ್ರದ ಒಳಗಿನದು ಅಂತ ಆಗುತ್ತೆ. ರಾಷ್ಟ್ರಗಳ ನಡುವಿನದು ‘ಅಂತರರಾಷ್ಟ್ರೀಯ’. ಇದನ್ನು ಈ ಬಳಗದಲ್ಲಿ ಎಷ್ಟು ಸಲ ಬರೆದಿದ್ದೇನೋ. ‘17 ವರ್ಷ ಕೆಳಗಿನ’ ಅನ್ನುವಲ್ಲಿ ವಿಭಕ್ತಿಯೇ ಇಲ್ಲ.

ಬೆಂಗಳೂರಿನಿಂದ:

ಅಂತರವೋ ಅಂತಾರವೋ, ಎರಡೂ ನಮ್ಮದಲ್ಲ. ಸಂಸ್ಕೃತದ ಜಗಳ ಸಂಸ್ಕೃತದವರು ಮಾಡ್ಕೊಳ್ಳಲಿ. ‘ಹದಿಹರೆಯದವರ ನಾಡತಂಡಗಳ ಕಾಲ್ಚೆಂಡು ಪೈಪೋಟಿ’ ಅಂತ ಬರೀರಿ. ನಾಲ್ಕೇ ಪದ, ಎಲ್ಲಾ ನಮ್ಮವೇ. ಪಂದ್ಯ ಇರಲೇಬೇಕು ಅಂದ್ರೆ ‘ಪಂದ್ಯಸಾಲು’ ಅನ್ನಿ, ಅದು ಅಚ್ಚ ದ್ರಾವಿಡ ಪದ, ತಮಿಳು ಮಲಯಾಳದಲ್ಲಿ ಚೆಂಡಿಗೆ ‘ಪಂದು’ ಅಂತಾರಲ್ಲ ಅದರಿಂದಲೇ ‘ಪಂದ್ಯ’ ಬಂದಿರೋದು, ಅಂದ್ರೆ ಈ ಆಟಕ್ಕೆ ಅದಕ್ಕಿಂತ ಹತ್ತಿರದ ಪದ ಇನ್ನೊಂದಿಲ್ಲ. ಹೊರನಾಡ ಕನ್ನಡಿಗರು ಇಂಥ ಪದಗಳನ್ನ ಬಳಸಿದ್ರೆ ಒಳನಾಡಿಗೂ ಧೈರ್ಯ ಬರುತ್ತೆ.

ಮಂಜೇಶ್ವರದಿಂದ:

ಮೊದಲನೆಯದಾಗಿ ನಾವು ಹೊರನಾಡಿನವರಲ್ಲ. ಮಂಜೇಶ್ವರ ಗೋವಿಂದ ಪೈಗಳ ಊರು, ಇಲ್ಲಿಂದ ಯಾರೂ ಎಲ್ಲಿಗೂ ಹೋದದ್ದಲ್ಲ, 1956ರ ನವೆಂಬರ್ 1ಕ್ಕೆ ರಾಜ್ಯದ ಗೆರೆ ನಮ್ಮ ಆಚೆ ಬದಿಗೆ ಹೋಗಿ ನಾವು ಕೇರಳಕ್ಕೆ ಸೇರಿದ್ದು. ಗಡಿನಾಡು ಅನ್ನಿ, ಸರಿ. ಇನ್ನು ‘ನಾಡತಂಡ’ ಅಂತ ಬ್ಯಾನರ್ ಕಟ್ಟಿದರೆ ಇಲ್ಲಿ ಮೊದಲು ಕೇಳುವ ಪ್ರಶ್ನೆ ಅದು ಕರ್ನಾಟಕ ತಂಡವಾ ಕೇರಳ ತಂಡವಾ ಅಂತ.

‘ಪಂದ್ಯ’ ಚೆಂಡಿನಿಂದ ಬಂದದ್ದಲ್ಲ. ತೆಲುಗಿನಲ್ಲಿ ಪಂದೆಂ, ತಮಿಳು ಮಲಯಾಳದಲ್ಲಿ ಪಂದಯಂ, ಎಲ್ಲ ಕಡೆ ಬಾಜಿ ಕಟ್ಟುವುದು ಅಂತಲೇ ಅರ್ಥ. ಆಂಧ್ರದಲ್ಲಿ ಸಂಕ್ರಾಂತಿಗೆ ಕೋಡಿ ಪಂದೆಂ, ಅಂದರೆ ಕೋಳಿ ಅಂಕ ಆಗ್ತದೆ, ಅಲ್ಲಿ ಕೋಳಿಗೆ ಯಾವ ಚೆಂಡು?

ಟೀಚರೇ, ನಿಮ್ಮ ನಿಜವಾದ ಕಷ್ಟ ಪಂದ್ಯಾವಳಿಯಲ್ಲಿ ಇಲ್ಲ, ‘ಕೆಳಗಿನ’ದಲ್ಲಿ ಉಂಟು. ಅಂಡರ್ ಅಂದ ಕೂಡಲೇ ಕೆಳಗೆ ಅಂತ ಬರೆದು ಬಿಡ್ತಾರೆ, ಆದರೆ ಫಿಫಾ ನೋಡುವುದು ಹುಟ್ಟಿದ ವರ್ಷ, ಆಡುವ ದಿನದ ವಯಸ್ಸಲ್ಲ. 2017ರಲ್ಲಿ ನಮ್ಮ ದೇಶದಲ್ಲಿ ಆದಾಗ 2000ದ ಜನವರಿ 1ಕ್ಕೆ ಅಥವಾ ಅದರ ನಂತರ ಹುಟ್ಟಿದವರಿಗೆ ಅವಕಾಶ ಇತ್ತು, ಆಟ ನಡೆದದ್ದು ಅಕ್ಟೋಬರ್ 6ರಿಂದ 28ರ ತನಕ. ಜನವರಿ 1ಕ್ಕೆ ಹುಟ್ಟಿದವನಿಗೆ ಆಗ ಹದಿನೇಳು ತುಂಬಿ ಒಂಬತ್ತು ತಿಂಗಳು ಕಳೆದಿರ್ತದೆ! ಆ ಸಲ ಅತ್ಯುತ್ತಮ ಆಟಗಾರನ ಗೋಲ್ಡನ್ ಬಾಲ್ ಸಿಕ್ಕಿದ್ದು ಇಂಗ್ಲೆಂಡಿನ ಫಿಲ್ ಫೋಡನ್‌ಗೆ, ಅವ ಹುಟ್ಟಿದ್ದು 2000ದ ಮೇ 28, ಕೋಲ್ಕತ್ತದಲ್ಲಿ ಸ್ಪೇನ್ ಮೇಲೆ 5-2ರಲ್ಲಿ ಫೈನಲ್ ಗೆದ್ದ ದಿನ ಅವನಿಗೆ ಹದಿನೇಳು ವರ್ಷ ಸರೀ ಐದು ತಿಂಗಳು. ಅದೇ ತಂಡದಲ್ಲಿ ಎಂಟು ಗೋಲು ಹೊಡೆದ ಬ್ರೂಸ್ಟರ್ ಅವನಿಗಿಂತಲೂ ದೊಡ್ಡವ. ಅದೇ ಕೂಟದಲ್ಲಿ ಕೊಲಂಬಿಯಾ ಎದುರು ಭಾರತದ ಮೊದಲ ವಿಶ್ವಕಪ್ ಗೋಲು ಹೊಡೆದ ಮಣಿಪುರದ ಜೀಕ್ಸನ್ ಸಿಂಗ್‌ಗೆ ಆಗ ಹದಿನಾರು. ಎಲ್ಲರೂ ಒಂದೇ ನಿಯಮದಲ್ಲಿ ಆಡಿದವರು. ಹಾಗಾಗಿ ‘17ರ ಕೆಳಗಿನ’, ‘17 ತುಂಬದ’ ಎರಡೂ ಸುಳ್ಳು. ‘17ರೊಳಗಿನ’ ಹಾಕಿ. ನೀವೇ ‘ಹತ್ತರೊಳಗೆ ಪ್ರೆಸ್ಸಿಗೆ ಕೊಡಬೇಕು’ ಅಂತ ಬರೆದಿದ್ದೀರಿ, ಹತ್ತು ಹೊಡೆಯುವಾಗ ಕೊಟ್ಟರೂ ಮಾತು ತಪ್ಪಿದ ಹಾಗೆ ಆಗುವುದಿಲ್ಲ ಅಲ್ಲವಾ. ಒಳಗೆ ಅಂದರೆ ಗಡಿಯೂ ಸೇರ್ತದೆ, ಕೆಳಗೆ ಅಂದರೆ ಸೇರುವುದಿಲ್ಲ.

‘ಯುವಕರ’ ತೆಗೆದು ಬಿಡಿ. ಹುಡುಗಿಯರ ಅಂಡರ್-17 ವಿಶ್ವಕಪ್ 2022ರಲ್ಲಿ ಇಲ್ಲಿಯೇ ಆಗಿದೆ, ಭುವನೇಶ್ವರ, ಗೋವಾ, ನವಿ ಮುಂಬಯಿಯಲ್ಲಿ, ಸ್ಪೇನ್ ಗೆದ್ದದ್ದು. ಅವರ ಚಿತ್ರ ನಿಮ್ಮ ಗೋಡೆಯಲ್ಲಿ ಇಲ್ಲದಿದ್ದರೆ ಹಾಕಿ.

ಮತ್ತೆ ದಯವಿಟ್ಟು ಮಲಯಾಳದ ಬ್ಯಾನರ್ ನೋಡಿ ಸಾಲು ಸಾಲು ಇಳಿಸಬೇಡಿ. ಅಲ್ಲಿ ‘ಮತ್ಸರಂ’ ಅಂದರೆ ಸ್ಪರ್ಧೆ, ಇಲ್ಲಿ ‘ಮತ್ಸರ’ ಅಂದರೆ ಹೊಟ್ಟೆಕಿಚ್ಚು. ‘ಕಾಯಿಕ ಮತ್ಸರ’ ಅಂತ ಕನ್ನಡ ಅಕ್ಷರದಲ್ಲಿ ಅಚ್ಚಾದ ಹಾಳೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ಕನ್ನಡ ಮಕ್ಕಳ ಕೈಗೆ ಕೊಟ್ಟದ್ದನ್ನೂ ಕಂಡಿದ್ದೇನೆ. ನಮ್ಮ ಮಕ್ಕಳಿಗೆ ಅದು ಕನ್ನಡವೂ ಅಲ್ಲ ಮಲಯಾಳವೂ ಅಲ್ಲ.

ಮೈಸೂರಿನಿಂದ:

‘ಒಳಗೆ’ ಅಂದರೆ ಗಡಿ ಸೇರುತ್ತೆ ಅನ್ನುವುದು ನಿಲ್ಲುವುದಿಲ್ಲ. ‘ಹದಿನೆಂಟರೊಳಗಿನವರಿಗೆ ಮತ ಇಲ್ಲ’. ಇಲ್ಲಿ ಹದಿನೆಂಟು ಸೇರಿತೇ?

ಮಂಜೇಶ್ವರದಿಂದ:

ಸೇರುವುದಿಲ್ಲ ಸಾರ್, ಒಪ್ಪಿದೆ. ‘ಒಳಗೆ’ ಎರಡೂ ಕಡೆ ಹೋಗುವ ಶಬ್ದ, ವಿಷಯ ನೋಡಿ ಅರ್ಥ ನಿಲ್ತದೆ. ನನಗೆ ಬೇಕಾದ್ದೂ ಅದುವೇ. ‘ಕೆಳಗೆ’ ಬರೆದರೆ ಫೋಡನ್ ಹೊರಗೆ ನಿಲ್ಲಬೇಕು, ‘ಒಳಗೆ’ ಬರೆದರೆ ಅವನೂ ಜೀಕ್ಸನ್ನೂ ಇಬ್ಬರೂ ಆಡ್ತಾರೆ. ನಿಖರ ನಿಯಮ ಸಣ್ಣ ಅಕ್ಷರದಲ್ಲಿ ಹಾಕಲಿ.

ದೋಹಾದಿಂದ (ಊರು ಬದಿಯಡ್ಕ):

ಇಲ್ಲಿ ನಾವು ಕನ್ನಡದವರು, ತುಳುವಿನವರು, ಮಲಯಾಳದವರು ಎಲ್ಲ ಹೇಳುವುದು ‘ಅಂಡರ್ ಸೆವೆಂಟೀನ್’ ಅಂತಲೇ. 2025ರಿಂದ 2029ರ ತನಕ ವರ್ಷಕ್ಕೊಂದರಂತೆ ಕತಾರಿನಲ್ಲಿಯೇ ಆಗುವುದು, 48 ತಂಡ, 2025ರದ್ದು ಪೋರ್ಚುಗಲ್ ಗೆದ್ದದ್ದು ಆಸ್ಟ್ರಿಯಾ ಮೇಲೆ 1-0. ಅಂದರೆ ಈ ಶಬ್ದ ಇನ್ನು ಪ್ರತಿ ವರ್ಷ ಬೇಕಾಗ್ತದೆ, ಒಮ್ಮೆ ಸರಿಯಾಗಿ ಕೂರಿಸಿ. ನನ್ನ ಅಭಿಪ್ರಾಯ ಕೇಳಿದರೆ ‘ಫುಟ್‌ಬಾಲ್’ ಅಂತಲೇ ಇರಲಿ. ನಮ್ಮ ಜಿಲ್ಲೆಯ ಮೊಗ್ರಾಲಿನ ಮೈದಾನದಲ್ಲಿ, ತೃಕ್ಕರಿಪುರದಲ್ಲಿ ಯಾರ ಬಾಯಲ್ಲಿಯೂ ಕಾಲ್ಚೆಂಡು ಕೇಳಿದ್ದಿಲ್ಲ.

ಬೆಂಗಳೂರಿನಿಂದ:

ಇದೇ ಸೋಲು. ಬಾಯಲ್ಲಿ ಇಲ್ಲ ಅಂತ ಬಿಟ್ರೆ ಬಾಯಿಗೆ ಬರೋದು ಯಾವಾಗ? ತಮಿಳರು ಕಾಲ್ಪಂದು ಅಂತ ಪತ್ರಿಕೇಲೂ ಟೀವೀಲೂ ನಾಚಿಕೆ ಇಲ್ಲದೆ ಹೇಳ್ತಾರೆ, ನಾವು ಮಾತ್ರ ಫುಟ್‌ಬಾಲ್. ಇಂಗ್ಲಿಶಿನ ಪದ ತಗೊಂಡ್ರೆ ನಾಳೆ ವಿಭಕ್ತಿ ಬಿಟ್ಟು ಬೇರೇನೂ ಕನ್ನಡ ಉಳಿಯಲ್ಲ. ಗಡಿಯಲ್ಲಿರೋರು ಇನ್ನೂ ಗಟ್ಟಿಯಾಗಿ ಹಿಡ್ಕೋಬೇಕು ಅನ್ನೋದು ನನ್ನ ನಿಲುವು.

ಮಂಜೇಶ್ವರದಿಂದ:

ಗಟ್ಟಿಯಾಗಿ ಹಿಡಿಯುವುದು ಹೇಗೆ ಅಂತ ಕಲಿಸ್ಲಿಕ್ಕೆ ಬರಬೇಡಿ. ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಅಂತ 2017ರಲ್ಲಿ ಬಂದಾಗ ಬೀದಿಯಲ್ಲಿ ನಿಂತವರು ನಾವು. ಇಲ್ಲಿ ನಮಗೆ ಬೇಕಾದ್ದು ಬೋರ್ಡಿನಲ್ಲಿ ಕನ್ನಡ ಇರುವುದು, ಇದ್ದ ಕನ್ನಡ ಮಕ್ಕಳಿಗೆ ಓದಿದ ಕೂಡಲೇ ಅರ್ಥ ಆಗುವುದು. ಮಲಯಾಳದ ಬ್ಯಾನರ್ ಸುಲಭ, ಕನ್ನಡದ್ದು ಕಷ್ಟ ಅಂತ ಒಂದು ಹುಡುಗಿಗೆ ಕಂಡರೂ ಸಾಕು, ಅವಳು ಮುಂದಿನ ಸಲ ಆಚೆ ಬ್ಯಾನರನ್ನೇ ಓದುವುದು. ‘ಫುಟ್‌ಬಾಲ್’ ಅವಳ ಶಬ್ದ, ‘ಪೈಪೋಟಿ’ಯನ್ನು ಅವಳು ಪಾಠ ಪುಸ್ತಕದಲ್ಲಿ ಮಾತ್ರ ಕಂಡದ್ದು.

ಮತ್ತೆ ನಮ್ಮ ಸೀಮೆಯಲ್ಲಿ ‘ಚೆಂಡು’ ಅಂದರೆ ಪೊಳಲಿ ಚೆಂಡು. ಮಂಗಳೂರು ಹತ್ತಿರದ ಪೊಳಲಿ ದೇವಸ್ಥಾನದ ಜಾತ್ರೆಯಲ್ಲಿ ಐದು ದಿನ ಚರ್ಮದ ಚೆಂಡನ್ನು ಗದ್ದೆಯಲ್ಲಿ ಊರವರು ಕಾಲಲ್ಲಿ ಒದ್ದು ಆಡ್ತಾರೆ, ದೇವರ ಸೇವೆ ಅದು. ಫಿಫಾ ಹುಟ್ಟಿದ್ದು 1904ರಲ್ಲಿ, ಪೊಳಲಿಯವರು ಚೆಂಡಿಗೆ ಯಾರ ಹತ್ತಿರವೂ ಶಬ್ದ ಸಾಲ ಕೇಳಿದವರಲ್ಲ. ಆ ಚೆಂಡು ಆ ಚೆಂಡಾಗಿಯೇ ಇರಲಿ, ಈ ಆಟ ಫುಟ್‌ಬಾಲ್ ಆಗಿ ಇರಲಿ. ಎರಡು ಬೇರೆ ಬೇರೆ ವಸ್ತುವಿಗೆ ಎರಡು ಶಬ್ದ ಇದ್ದರೆ ಭಾಷೆ ದೊಡ್ಡದಾಗ್ತದೆ, ಸಣ್ಣದಾಗುವುದಿಲ್ಲ.

ಮೈಸೂರಿನಿಂದ:

‘ವಿಶ್ವಕಪ್’ ಕೂಡ ಅರಿಸಮಾಸವೇ. ಸಂಸ್ಕೃತ ಮತ್ತು ಇಂಗ್ಲಿಷ್. ದಾಖಲೆಗಾಗಿ ಹೇಳಿದ್ದೇನೆ.

ಕುಂಬಳೆಯಿಂದ:

ಸಾರ್, ಮಾಷ್ಟ್ರೇ, ಎಲ್ಲರಿಗೂ ಥ್ಯಾಂಕ್ಸ್, ಆದರೆ ಇನ್ನೂ ಎರಡು ಸಂಶಯ ಉಳಿದಿದೆ. ಒಂದು, ಗೋಡೆಯಲ್ಲಿ 1985ರಿಂದ ಶುರು ಮಾಡಿದ್ದೇವೆ, ಚೀನಾದಲ್ಲಿ ಆದದ್ದು, ನೈಜೀರಿಯಾ ಗೆದ್ದದ್ದು. ಎಲ್ಲದಕ್ಕೂ ‘ವಿಶ್ವಕಪ್’ ಅಂತ ಬರೆಯಬಹುದಾ? ಎರಡು, ‘ರಾಷ್ಟ್ರೀಯ ತಂಡ’ ಸರಿಯಾ ‘ದೇಶದ ತಂಡ’ ಸರಿಯಾ?

ಮಂಜೇಶ್ವರದಿಂದ:

ಬರೆಯಬೇಡಿ ಟೀಚರೇ. 1985ರಲ್ಲಿ ಅದರ ಹೆಸರು ಅಂಡರ್-16 ವರ್ಲ್ಡ್ ಟೂರ್ನಮೆಂಟ್, ವಯಸ್ಸೂ ಬೇರೆ ಹೆಸರೂ ಬೇರೆ. 1991ರಲ್ಲಿ ಇಟಲಿಯಲ್ಲಿ 17 ಆಯ್ತು, ಆಮೇಲೆ 2005ರ ತನಕ ವರ್ಲ್ಡ್ ಚಾಂಪಿಯನ್‌ಶಿಪ್ ಅಂತಲೇ ಇತ್ತು. ‘ಕಪ್’ ಬಂದದ್ದು 2007ರಲ್ಲಿ, ಕೊರಿಯಾದಲ್ಲಿ. ಚಿತ್ರದ ಅಡಿಯಲ್ಲಿ ಆಯಾ ವರ್ಷದ ಹೆಸರನ್ನೇ ಹಾಕಿ, ಮೊದಲಿನದಕ್ಕೆ ‘16ರೊಳಗಿನವರ ವಿಶ್ವ ಟೂರ್ನಿ’. ಟೂರ್ನಿ ಅಂತ ಕನ್ನಡ ಪತ್ರಿಕೆಗಳಲ್ಲಿ ದಿನಾ ಬರ್ತದೆ, ಯಾರಿಗೂ ತೊಡಕಾಗುವುದಿಲ್ಲ. ಮೇಲಿನ ದೊಡ್ಡ ಹೆಸರು ಈಗಿನದು, ಅದಕ್ಕೆ ವಿಶ್ವಕಪ್ ಧಾರಾಳ ಸಾಕು.

ರಾಷ್ಟ್ರೀಯ ತಂಡ ಬೇಡ. ಫಿಫಾದಲ್ಲಿ ಆಡುವುದು ರಾಷ್ಟ್ರ ಅಲ್ಲ, ಅಲ್ಲಲ್ಲಿಯ ಫುಟ್‌ಬಾಲ್ ಸಂಸ್ಥೆ ಕಟ್ಟಿದ ತಂಡ. ವಿಶ್ವಸಂಸ್ಥೆಯಲ್ಲಿ ಇಂಗ್ಲೆಂಡ್ ಅಂತ ಬೇರೆ ಸೀಟಿಲ್ಲ, 2017ರ ಕಪ್ ಎತ್ತಿದ್ದು ಇಂಗ್ಲೆಂಡ್. 1989ರಲ್ಲಿ ಸ್ಕಾಟ್ಲೆಂಡಿನಲ್ಲಿಯೇ ನಡೆದು ಅವರು ಫೈನಲಿಗೂ ಬಂದಿದ್ದರು, ಸೌದಿ ಗೆದ್ದದ್ದು. ನ್ಯೂ ಕ್ಯಾಲೆಡೋನಿಯಾ ಅಂತೂ ಫ್ರಾನ್ಸಿನ ಆಡಳಿತದ ದ್ವೀಪ, 2017ರಲ್ಲಿ ಫ್ರಾನ್ಸಿನ ಗುಂಪಿನಲ್ಲಿಯೇ ಬಿತ್ತು, 7-1ರಲ್ಲಿ ಸೋತಿತು, ಆದರೆ ಆಮೇಲೆ ಕೋಲ್ಕತ್ತದಲ್ಲಿ ಜಪಾನನ್ನು 1-1ಕ್ಕೆ ನಿಲ್ಲಿಸಿತು. ಆ ಮಕ್ಕಳನ್ನು ಯಾವ ‘ರಾಷ್ಟ್ರ’ದಲ್ಲಿ ಸೇರಿಸುವುದು? ‘ದೇಶ’ ಸಡಿಲವಾದ ಶಬ್ದ, ನಮ್ಮಲ್ಲಿ ದೇಶ ಸುತ್ತುವುದು ಅಂದರೆ ಊರೂರು ತಿರುಗುವುದೂ ಆಗ್ತದೆ. ಅದರಲ್ಲಿ ಎಲ್ಲರಿಗೂ ಜಾಗ ಉಂಟು. ‘ದೇಶ ದೇಶಗಳ ತಂಡಗಳು’ ಅಂತ ಹಾಕಿದರೆ ಅಂತರವೂ ಬೇಡ ಅಂತಾರವೂ ಬೇಡ.

ಬೆಂಗಳೂರಿನಿಂದ:

ನ್ಯೂ ಕ್ಯಾಲೆಡೋನಿಯಾಗೆ ಸರಿಹೊಂದೋ ಪದ ‘ನಾಡು’ ಅಂತ ನಾನು ಮೊದಲೇ ಹೇಳಿದ್ದೆ. ‘ದೇಶ’ ಕೂಡ ಸಂಸ್ಕೃತ.

ಮಂಜೇಶ್ವರದಿಂದ:

ಆ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಬ್ಯಾನರ್ ಕಟ್ಟುವುದು ಕುಂಬಳೆಯಲ್ಲಿ.

ಕುಂಬಳೆಯಿಂದ:

ಪ್ರೆಸ್ಸಿಗೆ ಕಳಿಸಿ ಆಯ್ತು. ದೊಡ್ಡ ಅಕ್ಷರದಲ್ಲಿ: ‘17ರೊಳಗಿನವರ ಫುಟ್‌ಬಾಲ್ ವಿಶ್ವಕಪ್’. ಅಡಿಯಲ್ಲಿ: ‘ದೇಶ ದೇಶಗಳ ಕಿರಿಯರ ತಂಡಗಳು, 1985ರಿಂದ’. ಹುಡುಗಿಯರದ್ದು 2022ರ ಚಿತ್ರ ಹುಡುಕಿ ಇಟ್ಟಿದ್ದೇನೆ. ಕ್ವಿಝ್‌ನ ಮೊದಲ ಪ್ರಶ್ನೆಯೂ ಸಿಕ್ಕಿತು: 2008ರ ಜನವರಿ 1ಕ್ಕೆ ಹುಟ್ಟಿದವ 2025ರ ನವೆಂಬರಿನಲ್ಲಿ ಕತಾರಿನಲ್ಲಿ ಆಡಬಹುದಾ ಇಲ್ಲವಾ? ಇನ್ನು ಕಿರಿಕಿರಿ ಮಾಡ್ತೇನೆ ಅಂತ ಬೇಸರ ಮಾಡಬೇಡಿ, ಹೆಚ್ಚು ಗೋಲು ಹೊಡೆದವರಿಗೆ ಕೊಡುವ ‘ಗೋಲ್ಡನ್ ಬೂಟ್’ಗೆ ಕನ್ನಡ ಪತ್ರಿಕೆಯವರು ‘ಚಿನ್ನದ ಬೂಟು’ ಬರೆಯುವುದಾ ‘ಚಿನ್ನದ ಪಾದುಕೆ’ ಬರೆಯುವುದಾ?

ಮೈಸೂರಿನಿಂದ:

ಪಾದುಕೆ ಭರತ ಪಟ್ಟಕ್ಕೆ ಇಟ್ಟದ್ದು. ಬೂಟು ಬರೆಯಿರಿ.