ಎಪೋಆರ್-ಕ್ರೆ ಇಲಿಗಳು: ಹಿಮೋಗ್ಲೋಬಿನ್ ಸರಿಯಿದೆ, ರಕ್ತದ ಪಿಸಿಆರ್‌ನಲ್ಲಿ ಜೀನ್ ಅಳಿದಂತೆ ಕಾಣುತ್ತಿಲ್ಲ

ಕೆಂಪುಕಣ (ಪ್ರಶ್ನೆ)

ನಾವು ಅಳಿಸಬೇಕೆಂದಿರುವ ಜೀನ್‌ನ ಎರಡು ಬದಿಗೆ ಫ್ಲಾಕ್ಸ್ ಗುರುತುಗಳಿವೆ; ಎಪೋಆರ್ (ಎರಿತ್ರೋಪೊಯೆಟಿನ್ ರಿಸೆಪ್ಟರ್) ಜೀನ್ ಕೆಲಸ ಮಾಡುವ ಕೆಂಪುಕಣದ ಮೂಲಜೀವಕೋಶಗಳಲ್ಲಿ ಕ್ರೆ ಎಂಬ ಕಿಣ್ವ ತಯಾರಾಗಿ ಆ ನಡುವಿನ ಭಾಗವನ್ನು ಕತ್ತರಿಸಬೇಕು. ಸಾಕಿದ ಜೋಡಿ (+ ಎಂದರೆ ಸಹಜ ಪ್ರತಿ): ಗಂಡು ಎಪೋಆರ್-ಕ್ರೆ/+, ಫ್ಲಾಕ್ಸ್/+, ಹೆಣ್ಣು ಫ್ಲಾಕ್ಸ್/ಫ್ಲಾಕ್ಸ್. ಕ್ರೆ ಇರುವ ಫ್ಲಾಕ್ಸ್/ಫ್ಲಾಕ್ಸ್ ಮರಿಗಳು ಸುಮಾರು ನಾಲ್ಕಕ್ಕೊಂದರಂತೆ ಹುಟ್ಟುತ್ತಿವೆ. 8 ವಾರದ ಇಲಿಗಳಲ್ಲಿ ಹಿಮೋಗ್ಲೋಬಿನ್ 14.6 ಗ್ರಾಂ/ಡೆಸಿಲೀಟರ್, ಕ್ರೆ ಇಲ್ಲದ ಒಡಹುಟ್ಟುಗಳಲ್ಲಿ 14.9. ಆದರೆ ರೆಟಿಕ್ಯುಲೋಸೈಟ್ (ಎಳೆ ಕೆಂಪುಕಣ, ರೆಟಿಕ್) ಶೇ 3 ಇರಬೇಕಾದಲ್ಲಿ ಶೇ 7, ಗುಲ್ಮದ ತೂಕ ಒಂದೂವರೆ ಪಟ್ಟು. ಬಾಲದ ರಕ್ತದ ಡಿಎನ್‌ಎಯಲ್ಲಿ ಮೂರು ಪ್ರೈಮರ್ ಹಾಕಿ ಪಿಸಿಆರ್ ಮಾಡಿದರೆ ಫ್ಲಾಕ್ಸ್ ಬ್ಯಾಂಡ್ ಮಾತ್ರ ಬರುತ್ತದೆ, ಅಳಿದ ಬ್ಯಾಂಡ್ ಇಲ್ಲವೇ ಇಲ್ಲ. ಜೀನ್ ಅಳಿದೇ ಇಲ್ಲ ಎಂದುಕೊಳ್ಳಬೇಕೇ? ಹಾಗಿದ್ದರೆ ರೆಟಿಕ್ ಏಕೆ ಏರಿದೆ?

ಮಜ್ಜೆಮನೆ

ಆ ಪಿಸಿಆರ್ ಅನ್ನು ಪಕ್ಕಕ್ಕಿಡಿ. ಇಲಿಯ ಬಲಿತ ಕೆಂಪುಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ರೆಟಿಕ್ಯುಲೋಸೈಟ್‌ಗೂ ಇಲ್ಲ. ಬಾಲದ ರಕ್ತದಲ್ಲಿ ನಿಮಗೆ ಸಿಕ್ಕ ಡಿಎನ್‌ಎ ಎಲ್ಲ ಬಿಳಿಕಣಗಳದ್ದು. ಅವುಗಳಲ್ಲಿ ಈ ಕ್ರೆ ಕೆಲಸ ಮಾಡದಿದ್ದರೆ ಫ್ಲಾಕ್ಸ್ ಬ್ಯಾಂಡ್ ಮಾತ್ರ ಬರಬೇಕಾದ್ದೇ ಸರಿ. ಇದರಿಂದ ಒಂದು ಒಳ್ಳೆಯ ಸುದ್ದಿಯೂ ಇದೆ: ಬೀಜಕೋಶದಲ್ಲೇ ಜೀನ್ ಅಳಿದುಹೋಗಿ ಮೈಯೆಲ್ಲ ಹರಡಿದ್ದರೆ ಬಿಳಿಕಣಗಳಲ್ಲೂ ಅಳಿದ ಬ್ಯಾಂಡ್ ಕಾಣಬೇಕಿತ್ತು. ಅದನ್ನು ಮಾತ್ರ ಪ್ರತಿ ಸಂತತಿಯಲ್ಲೂ ನೋಡುತ್ತಿರಿ. ಕ್ರೆ ಬಾರದ ಮರಿಯಲ್ಲಿ ಅಳಿದ ಬ್ಯಾಂಡ್ ಕಂಡರೆ ಆ ಸಾಲನ್ನು ನಿಲ್ಲಿಸಬೇಕು.

ನೋಡಬೇಕಾದ್ದು ಮಜ್ಜೆಯಲ್ಲಿ ಕೆಂಪುಕಣವಾಗಿ ಬಲಿಯುತ್ತಿರುವ, ನ್ಯೂಕ್ಲಿಯಸ್ ಇನ್ನೂ ಇರುವ ಎರಿತ್ರೋಬ್ಲಾಸ್ಟ್‌ಗಳನ್ನು. ಟೆರ್119 ಮತ್ತು ಸಿಡಿ71 (ಜೀವಕೋಶದ ಮೇಲ್ಮೈ ಗುರುತುಗಳು) ಎರಡೂ ಹೆಚ್ಚಿರುವ ಜೀವಕೋಶಗಳನ್ನು ಫ್ಲೋ ಸೈಟೋಮೀಟರ್‌ನಲ್ಲಿ ಬೇರ್ಪಡಿಸಿ (ಸಾರ್ಟ್ ಮಾಡಿ), 50,000 ಸಾಕು. ಅಳಿದ ಪ್ರಮಾಣ ತಿಳಿಯಲು ಮೂರು ಪ್ರೈಮರ್‌ನ ಬ್ಯಾಂಡ್‌ಗಳನ್ನು ಹೋಲಿಸಬೇಡಿ, ಚಿಕ್ಕ ತುಣುಕು ಸುಲಭವಾಗಿ ಹೆಚ್ಚುತ್ತದೆ. ಶೇ 30 ಅಳಿದದ್ದೂ ಶೇ 80ರಂತೆ ಕಾಣಬಹುದು. ಫ್ಲಾಕ್ಸ್‌ಗಳ ನಡುವಿನ ಭಾಗಕ್ಕೊಂದು ಪ್ರೈಮರ್ ಜೋಡಿ, ಹೊರಗಿನ ಬೇರೊಂದು ಜೀನ್‌ಗೊಂದು ಜೋಡಿ ಇಟ್ಟು ಕ್ಯೂಪಿಸಿಆರ್ (ಪ್ರಮಾಣ ಅಳೆಯುವ ಪಿಸಿಆರ್) ಮಾಡಿ, ಅನುಪಾತ ಲೆಕ್ಕ ಹಾಕಿ.

ಇದರಲ್ಲಿ ಮೂರು ಬಗೆಯ ಫಲ ಬರಬಹುದು. ಪೂರ್ತಿ ಅಳಿದಿದೆ, ಪ್ರೋಟೀನೂ ಇಲ್ಲ. ಪೂರ್ತಿ ಅಳಿದಿದೆ, ಪ್ರೋಟೀನ್ ಉಳಿದಿದೆ: ಸಿಎಫ್‌ಯು-ಇ (ಎರಿತ್ರೋಬ್ಲಾಸ್ಟ್‌ಗೆ ಮೊದಲಿನ ಮೂಲಜೀವಕೋಶ) ಹಂತದಲ್ಲಿ ಜೀನ್ ಹೋದರೆ ಮುಂದೆ ಕೆಲವೇ ವಿಭಜನೆಗಳಿವೆ, ಗಟ್ಟಿ ಪ್ರೋಟೀನ್ ಅಷ್ಟರಲ್ಲಿ ಕರಗುವುದಿಲ್ಲ. ಮೂರನೆಯದೇ ಹೆಚ್ಚು ಕಾಟ ಕೊಡುವುದು: ಜೀನ್ ಅಳಿಯದೆ ತಪ್ಪಿಸಿಕೊಂಡ ಕೆಲವು ಜೀವಕೋಶಗಳು ಉಳಿದವುಗಳಿಗಿಂತ ಚೆನ್ನಾಗಿ ಬದುಕಿ, ಮಜ್ಜೆಯನ್ನೇ ತುಂಬಿಕೊಳ್ಳುತ್ತವೆ. ಮೊದಲ ಹಂತದಲ್ಲಿ ಹೆಚ್ಚು ಅಳಿದು, ಟೆರ್119 ಹೆಚ್ಚಿರುವ ಹಂತಕ್ಕೆ ಬರುವಾಗ ಕಡಿಮೆ ಅಳಿದಂತೆ ಕಂಡರೆ ಅದೇ. ಆದ್ದರಿಂದ ಒಂದೇ ಹಂತ ಸಾರ್ಟ್ ಮಾಡಿದರೆ ಸಾಲದು.

ಫ್ಲೋಬೆಂಚ್

ಹಂತ ಬಿಡಿಸುವುದಕ್ಕೆ ವಯಸ್ಕ ಮಜ್ಜೆಯಲ್ಲಿ ಟೆರ್119, ಸಿಡಿ44 ಮತ್ತು ಎಫ್‌ಎಸ್‌ಸಿ (ಕಣದ ಗಾತ್ರದ ಸೂಚನೆ) ಇಟ್ಟುಕೊಳ್ಳಿ. 2009ರಲ್ಲಿ ಬಂದ ಈ ವಿಧಾನದಲ್ಲಿ ಪ್ರೊಎರಿತ್ರೋಬ್ಲಾಸ್ಟ್‌ನಿಂದ ಬಲಿತ ಕಣದವರೆಗೆ ಸಿಡಿ44 ಸತತವಾಗಿ ಇಳಿಯುತ್ತದೆ. ಸಿಡಿ71ಗಿಂತ ಹಂತಗಳ ನಡುವಿನ ಗೆರೆ ಸ್ಪಷ್ಟ. ಭ್ರೂಣದ ಯಕೃತ್ತಿಗೆ ಸಿಡಿ71-ಟೆರ್119 ಚೆನ್ನಾಗಿದೆ.

ಎಡವಟ್ಟಾಗುವ ಜಾಗಗಳು ಹೇಳುತ್ತೇನೆ. ಮಜ್ಜೆಯನ್ನು ಕೆಂಪುಕಣ ಲೈಸಿಸ್ ಬಫರ್‌ಗೆ ಹಾಕಬೇಡಿ, ನೋಡಬೇಕಾದ ಕಣಗಳೇ ಹೋಗುತ್ತವೆ. ಟ್ಯೂಬಿಗೆ 10-20 ಲಕ್ಷ ಜೀವಕೋಶ, 100 ಮೈಕ್ರೋಲೀಟರ್ ಬಫರ್. ಇನ್ನೂ ಹೆಚ್ಚು ತುಂಬಿದರೆ ಅಸಂಖ್ಯ ಟೆರ್119 ಕಣಗಳೇ ಆಂಟಿಬಾಡಿಯನ್ನೆಲ್ಲ ಹೀರಿ, ಹೊಳಪು ಇಳಿದು, ಹಂತವೇ ಬದಲಾದಂತೆ ಭ್ರಮೆ. ಬಫರ್‌ನಲ್ಲಿ 2 ಮಿಲಿಮೋಲಾರ್ ಇಡಿಟಿಎ ಇರಲಿ, ಎರಿತ್ರೋಬ್ಲಾಸ್ಟ್‌ಗಳು ಮ್ಯಾಕ್ರೋಫೇಜ್‌ಗೆ ಅಂಟಿಕೊಂಡಿರುತ್ತವೆ. 40 ಮೈಕ್ರಾನ್ ಜರಡಿಯಲ್ಲಿ ಸೋಸಿ. ಸಿಡಿ45, ಸಿಡಿ11ಬಿ, ಜಿಆರ್1 (ಬಿಳಿಕಣಗಳ ಗುರುತುಗಳು) ಇರುವವನ್ನೂ ಸತ್ತವನ್ನೂ ಹೊರಗಿಟ್ಟು ಗೇಟ್ ಹಾಕಿ. ಎಫ್‌ಎಸ್‌ಸಿ ಥ್ರೆಶೋಲ್ಡ್ ಕೆಳಗಿಳಿಸಿ, ಇಲಿಯ ಕೆಂಪುಕಣ ತೀರಾ ಚಿಕ್ಕದು.

ಸಿಡಿ44 ವಿಧಾನದಲ್ಲಿ ಎಳೆಯದರಿಂದ ಬಲಿತದ್ದರವರೆಗೆ ಬರುವ ಐದು ಗುಂಪುಗಳಲ್ಲಿ ನಾಲ್ಕನೆಯದು ಆರ್ಥೋಕ್ರೊಮ್ಯಾಟಿಕ್ (ಕೊನೆಯ ಹಂತದ ಎರಿತ್ರೋಬ್ಲಾಸ್ಟ್) ಮತ್ತು ಎಳೆ ರೆಟಿಕ್ ಸೇರಿದ್ದು. ಹೋಕ್ಸ್ಟ್ (ಡಿಎನ್‌ಎಗೆ ಹಿಡಿಯುವ ಬಣ್ಣ) ಹಾಕಿ ನ್ಯೂಕ್ಲಿಯಸ್ ಇರುವವನ್ನು ಬಿಡಿಸಿ. ಐದನೆಯದನ್ನು ಲೆಕ್ಕದಿಂದ ಕೈಬಿಡಿ, ಮೂಳೆ ತೊಳೆಯುವಾಗ ಬಂದ ಹೊರರಕ್ತ ಅದರಲ್ಲಿ ಬೆರೆತಿರುತ್ತದೆ. ಉಳಿದ ಪ್ರೊ, ಬೇಸೋ, ಪಾಲಿ, ಆರ್ಥೋ ಅನುಪಾತ ಸಹಜ ಇಲಿಯಲ್ಲಿ ಸುಮಾರು 1:2:4:8, ಹಂತಕ್ಕೊಂದು ವಿಭಜನೆ. ನಿಮ್ಮಲ್ಲಿ 1:2:3:3 ಬಂದರೆ ಪಾಲಿಯಿಂದಾಚೆಗೆ ಜೀವಕೋಶ ಸಾಯುತ್ತಿವೆ ಅಥವಾ ಬಲಿಯಲಾಗದೆ ನಿಂತಿವೆ. ಹಿಮೋಗ್ಲೋಬಿನ್ ಸರಿಯಿದ್ದೂ ಈ ಅನುಪಾತ ಕೆಟ್ಟಿರಬಹುದು, ನಾನು ಮೊದಲು ನೋಡುವುದೇ ಇದನ್ನು.

ಜೀನ್‌ಸಾಲು

ನಿಮ್ಮ ಕಂಟ್ರೋಲ್ ಸಾಲದು. ಇದು 2004ರ ಎಪೋಆರ್-ಕ್ರೆ ನಾಕ್-ಇನ್ (ಎಪೋಆರ್ ಜೀನ್‌ನ ಜಾಗದಲ್ಲೇ ಕ್ರೆ ಸೇರಿಸಿದ್ದು), ಕ್ರೆ ಕುಳಿತ ಪ್ರತಿಯಲ್ಲಿ ಎಪೋಆರ್ ಕೆಲಸ ಮಾಡುವುದಿಲ್ಲ. ಹಾಗಾಗಿ ಕ್ರೆ ಇರುವ ಪ್ರತಿ ಇಲಿಯೂ ಎಪೋಆರ್‌ನ ಒಂದೇ ಪ್ರತಿ ಹೊತ್ತಿದೆ. ಮೇಲ್ನೋಟಕ್ಕೆ ಆರೋಗ್ಯವಾಗಿದ್ದರೂ ಒತ್ತಡದಲ್ಲಿ ವ್ಯತ್ಯಾಸ ಹೊರಬರಬಹುದು. ಎಪೋಆರ್-ಕ್ರೆ/+ ಫ್ಲಾಕ್ಸ್ ಇಲ್ಲದ ಇಲಿಗಳು ಬೇಕೇ ಬೇಕು. ಎರಡೂ ಕಡೆ ಕ್ರೆ ಇಟ್ಟು ಸಾಕಬೇಡಿ: ಎಪೋಆರ್ ಪೂರ್ತಿ ಇಲ್ಲದ ಭ್ರೂಣ 13ನೇ ದಿನದ ಆಸುಪಾಸು ಸಾಯುತ್ತದೆ. ಇಲಿಯಲ್ಲಿ ಎಪೋಆರ್ 9ನೇ ಕ್ರೋಮೋಸೋಮ್‌ನಲ್ಲಿದೆ; ನಿಮ್ಮ ಜೀನೂ ಅದರ ಹತ್ತಿರವೇ ಇದ್ದರೆ ನಾಲ್ಕಕ್ಕೊಂದು ಬರುವುದಿಲ್ಲ. ಬಂದಿದೆ ಎಂದರೆ ಬಹುಶಃ ಬೇರೆ ಕಡೆ.

ಕೆಂಪುಕಣ

ಜೀನ್ 11ನೇ ಕ್ರೋಮೋಸೋಮ್‌ನಲ್ಲಿದೆ. ಕ್ರೆ ಮಾತ್ರ ಇರುವ ಇಲಿಗಳನ್ನೂ ಸಾಕುತ್ತೇವೆ. ಇನ್ನೊಂದು ಕೇಳಬೇಕು: ರೆಟಿಕ್ ಏರಿಕೆ ಮಜ್ಜೆಯ ದೋಷವೋ, ಕಣಗಳು ಬೇಗ ಸಾಯುತ್ತಿವೆಯೋ ಹೇಗೆ ತಿಳಿಯುವುದು? ಫೀನೈಲ್‌ಹೈಡ್ರಜೀನ್ (ಕೆಂಪುಕಣ ಒಡೆದು ರಕ್ತಹೀನತೆ ತರುವ ರಾಸಾಯನಿಕ) ಕೊಡಬಹುದೇ?

ಮಜ್ಜೆಮನೆ

ಮೊದಲು ಆಯುಷ್ಯ ಅಳೆಯಿರಿ. ಸಲ್ಫೋ-ಎನ್‌ಎಚ್‌ಎಸ್-ಬಯೋಟಿನ್ (ಕೆಂಪುಕಣಗಳಿಗೆ ಅಂಟುವ ಗುರುತು) ಇಲಿಗೆ 1 ಮಿಲಿಗ್ರಾಂ, ಬಾಲದ ರಕ್ತನಾಳಕ್ಕೆ. ಮರುದಿನ ಬಾಲದಿಂದ 2 ಮೈಕ್ರೋಲೀಟರ್ ತೆಗೆದು ಸ್ಟ್ರೆಪ್ಟಾವಿಡಿನ್ (ಬಯೋಟಿನ್ ಹಿಡಿಯುವ ಪ್ರೋಟೀನ್) ಹಾಕಿ, ಗುರುತು ಕಂಡ ಕಣಗಳನ್ನು ಶೇ 100 ಎಂದಿಟ್ಟುಕೊಳ್ಳಿ, ಆಮೇಲೆ ವಾರಕ್ಕೊಮ್ಮೆ. ಇಲಿಯ ಕೆಂಪುಕಣದ ಆಯುಷ್ಯ 40 ದಿನ, ಸಹಜ ಗೆರೆ ಸುಮಾರಾಗಿ ನೇರವಾಗಿ ಇಳಿಯುತ್ತದೆ. ನಿಮ್ಮದು 20 ದಿನಕ್ಕೇ ತಳ ಮುಟ್ಟಿದರೆ ದೋಷ ಕಣದ್ದು. ಅದು ಮಜ್ಜೆಯಲ್ಲೇ ಹುಟ್ಟಿದ ದೋಷವೂ ಆಗಿರಬಹುದು, ಆದರೆ ಸಾಯುವುದು ರಕ್ತದಲ್ಲಿ.

ಫೀನೈಲ್‌ಹೈಡ್ರಜೀನ್ ನಂತರ. 60 ಮಿ.ಗ್ರಾಂ/ಕೆಜಿ, ಹೊಟ್ಟೆಯ ಕುಹರಕ್ಕೆ ಚುಚ್ಚಿ, ಸತತ ಎರಡು ದಿನ. 25 ಗ್ರಾಂ ಇಲಿಗೆ 10 ಮಿ.ಗ್ರಾಂ/ಮಿ.ಲೀ. ದ್ರಾವಣದ 150 ಮೈಕ್ರೋಲೀಟರ್. ಬೆಳಕು, ಗಾಳಿ ತಾಗಿದರೆ ಕೆಡುತ್ತದೆ. ಆಗಲೇ ಕರಗಿಸಿ, ಪಿಎಚ್ 7.4ಕ್ಕೆ ತಂದು, ಫಾಯಿಲ್ ಸುತ್ತಿ. ನಿಮ್ಮ ಇಲಿಗಳಲ್ಲಿ ರೆಟಿಕ್ ಈಗಲೇ ಏರಿರುವುದರಿಂದ ಎರಡು ಇಲಿಗೆ 40 ಮಿ.ಗ್ರಾಂ/ಕೆಜಿಯಿಂದ ಶುರುಮಾಡಿ, ಎಥಿಕ್ಸ್ ಕಮಿಟಿಯ ಅನುಮತಿಯಲ್ಲಿ ಅದನ್ನೂ ಬರೆಸಿ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) 3-4ನೇ ದಿನ ತಳ ಕಾಣುತ್ತದೆ, ಅಷ್ಟು ಹೊತ್ತಿಗೆ ಗುಲ್ಮ ಊದಿ ಕಪ್ಪಾಗಿರುತ್ತದೆ. ಆ ದಿನಗಳಲ್ಲಿ ಯಂತ್ರದ ಹಿಮೋಗ್ಲೋಬಿನ್ ಅಂಕಿ ನಂಬಬೇಡಿ, ಹೈಂಜ್ ಬಾಡಿಗಳಿಂದ (ಕೆಟ್ಟ ಹಿಮೋಗ್ಲೋಬಿನ್‌ನ ಉಂಡೆಗಳು) ಮಾದರಿ ಮಬ್ಬಾಗಿ ಅಂಕಿ ಮೇಲೇರುತ್ತದೆ. ಕ್ಯಾಪಿಲರಿಯ ಹೆಮಟೋಕ್ರಿಟ್ ಓದಿ.

ರಕ್ತ ತೆಗೆಯುವುದೂ ಒಂದು ಒತ್ತಡ. 25 ಗ್ರಾಂ ಇಲಿಯಲ್ಲಿರುವುದೇ ಸುಮಾರು 2 ಮಿ.ಲೀ. ದಿನ ಬಿಟ್ಟು ದಿನ 100 ಮೈಕ್ರೋಲೀಟರ್ ಎಳೆದರೆ ಕಂಟ್ರೋಲ್ ಇಲಿಯಲ್ಲೂ ರೆಟಿಕ್ ಏರುತ್ತದೆ. ಎಲ್ಲ ಗುಂಪುಗಳಿಗೂ ಅದೇ ದಿನ, ಅಷ್ಟೇ ಪ್ರಮಾಣ, 20 ಮೈಕ್ರೋಲೀಟರ್ ಮೀರದಂತೆ.